ಗುಂಡಿಯೊಳಗಿನ ಟೆಲಿವಿಷನ್

ಕೊಳ್ಳೇಗಾಲದ ಮೊಟ್ಟಮೊದಲ ಟೆಲಿವಿಷನ್ ಹಾಸ್ಯ ಬರಹಗಾರ ನಾನು. ಕೊಳ್ಳೇಗಾಲಕ್ಕೆ ಇನ್ನೂ ಟೆಲಿವಿಷನ್ನೇ ಬಂದಿಲ್ಲವಲ್ಲ ಎಂದು ಕೊಂಕು ತೆಗೆಯುವವರಿದ್ದಾರೆ. ಅದು ಟೆಲಿವಿಷನ್ನಿನ ಸೋಮಾರಿತನ. ನನ್ನ ಕೆಲಸ ನಾನು ಮುಗಿಸಿ ಕೂತಿದ್ದೇನೆ, ಅದು ಬರುವಾಗ ಬರಲಿ.

ಇನ್ನೊಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ನಾನು ಸುಳ್ಳು ಹೇಳುವವನಲ್ಲ. ನಮ್ಮದು ರೇಷ್ಮೆ ಸೀರೆ ನೇಯುವವರ ಮನೆ. ಇದ್ದಬದ್ದ ಎಳೆಯನ್ನು ಎಳೆದು, ಬಿಗಿದು, ಅಂಚು ಸೆರಗು ಸೇರಿಸಿ, ನೋಡಿದವರ ಕಣ್ಣು ಕುಕ್ಕುವಂತೆ ಮಾಡುವುದು ನಮ್ಮ ಕುಲಕಸುಬು. ಮಾತಿನಲ್ಲೂ ನಾನು ಮಾಡುವುದು ಅಷ್ಟೇ. ಎಳೆ ನಿಜದ್ದು, ಜರಿ ನನ್ನದು.

ಕಥೆ ಶುರುವಾಗುವುದು ನಾನು ಹುಟ್ಟಿದ ದಿನದಿಂದ. ಅಮ್ಮನ ತಮ್ಮ, ಅಂದರೆ ನನ್ನ ಸೋದರಮಾವ, ಹೆರಿಗೆ ಕೋಣೆಯ ಹೊರಗೆ ಎಲ್ಲರಿಗಿಂತ ಮುಂದೆ ನಿಂತಿದ್ದನಂತೆ. ನಮ್ಮ ಜನದಲ್ಲಿ ಅಕ್ಕನ ಮಗಳನ್ನು ತಮ್ಮನಿಗೆ ಕೊಡುವುದು ವಾಡಿಕೆ. ಮಾವನಿಗೆ ಆಗಿನ್ನೂ ಮೀಸೆ ಚಿಗುರುವ ವಯಸ್ಸು. ಆದರೂ ಹೆಂಡತಿ ಹುಟ್ಟುತ್ತಾಳೆಂದು ತಲೆ ಬಾಚಿಕೊಂಡು ಬಂದಿದ್ದನಂತೆ. ಸೂಲಗಿತ್ತಿ ಹೊರಗೆ ಬಂದು ‘ಗಂಡು’ ಎಂದಳು. ಎಲ್ಲರೂ ಕೈಗೆ ಕೊಟ್ಟ ಸಕ್ಕರೆಯನ್ನು ಬಾಯಿಗೆ ಹಾಕಿಕೊಂಡರು. ಮಾವ ಮಾತ್ರ ಅಂಗೈಯಲ್ಲೇ ಹಿಡಿದು ನಿಂತ. ಇರುವೆ ಬಂದು ಸಕ್ಕರೆ ಹೊತ್ತುಕೊಂಡು ಹೋದರೂ ನಿಂತೇ ಇದ್ದ ಎನ್ನುತ್ತಾರೆ. ಇರುವೆಯ ಭಾಗ ನಾನು ಸೇರಿಸಿದ್ದು, ಆದರೆ ಅವನ ಮುಖ ಬಲ್ಲವರು ಯಾರೂ ಇದನ್ನು ಅಲ್ಲಗಳೆದಿಲ್ಲ. ಆಮೇಲೆ ಅಮ್ಮನಿಗೆ ಮಕ್ಕಳಾಗಲಿಲ್ಲ. ಹೀಗೆ ನಾನು ಕಣ್ಣು ಬಿಡುವ ಮೊದಲೇ ಒಬ್ಬ ಮನುಷ್ಯನ ಸಂಸಾರ ಹಾಳು ಮಾಡಿದ್ದೆ.

ನಮ್ಮ ಮನೆಯ ಮುಂದಿನ ಪಡಸಾಲೆಯಲ್ಲಿ ಎರಡು ಮಗ್ಗ. ಒಂದು ಅಪ್ಪನದು, ಇನ್ನೊಂದು ಮಾವನದು. ಎರಡೂ ಗುಂಡಿ ಮಗ್ಗ. ನೆಲದಲ್ಲಿ ಒಂದು ಗುಂಡಿ, ಅದರಲ್ಲಿ ಕಾಲು ಇಳಿಬಿಟ್ಟು ಅಂಚಿನ ಮೇಲೆ ಕೂರಬೇಕು. ಕೆಳಗೆ ಹಗ್ಗದಲ್ಲಿ ತೂಗುವ ಎರಡು ಹಲಗೆ. ಒಂದು ಕಾಲಿನಿಂದ ಒಂದನ್ನು ತುಳಿದರೆ ಎಳೆಗಳು ಬಾಯಿ ಬಿಡುತ್ತವೆ, ಅಡ್ಡನೂಲು ಹೊತ್ತ ಲಾಳಿ ಆಚೆಗೆ ಓಡುತ್ತದೆ. ಇನ್ನೊಂದನ್ನು ತುಳಿದರೆ ಈಚೆಗೆ ಓಡುತ್ತದೆ. ಬೆಳಗಿನಿಂದ ಸಂಜೆಯವರೆಗೆ ಟಕ್ ಟಕ್, ಟಕ್ ಟಕ್.

ಆ ಟಕ್ ಟಕ್ ನಡೆಯುವಷ್ಟು ಹೊತ್ತು ಮಾವನಷ್ಟು ಮಾತುಗಾರ ಸುತ್ತಮುತ್ತಲ ಊರಲ್ಲಿ ಸಿಗುವುದಿಲ್ಲ. ಬೀದಿಯಲ್ಲಿ ಹೋಗುವ ಕತ್ತೆಯಿಂದ ಹಿಡಿದು ಕೊತ್ವಾಲನವರೆಗೆ ಎಲ್ಲರನ್ನೂ ಕಿಟಕಿಯಿಂದಲೇ ಅಣಕಿಸುತ್ತಾನೆ. ಅಪ್ಪ ನಗು ತಡೆಯಲಾರದೆ ಎಷ್ಟೋ ಸಲ ಎಳೆ ಕಡಿದುಕೊಂಡಿದ್ದಾರೆ. ನನ್ನನ್ನಂತೂ ಬಿಡುವುದೇ ಇಲ್ಲ.

"ಲೋ ಅಳಿಯಾ, ನೀನೊಂದು ಎಣ್ಣಾಗಿ ಉಟ್ಟಿದ್ರೆ ಇವತ್ತು ನಂಗೆ ಬಿಸಿನೀರು ಕಾಯ್ಸಿಕೊಡ್ತಿದ್ದೆ ಕಣ್ಲಾ."

"ಎಣ್ಣಾಗಿ ಉಟ್ಟಿದ್ರೆ ನಿನ್ನ ಮೊಕ ನೋಡಿ ಕಾವೇರಿಗೆ ಆರ್ತಿದ್ದೆ ಮಾವ."

"ಆರು ಆರು. ಈಜಕ್ಕೆ ನಾನೇ ಕಲ್ಸಿದ್ದು, ಎದ್ದು ಬತ್ತೀಯ."

ಇದೇ ಮನುಷ್ಯ ಗುಂಡಿಯಿಂದ ಎದ್ದು ಪಂಚೆ ಕೊಡವಿಕೊಂಡನೋ, ಮುಗಿಯಿತು. ಯಾರೋ ಬಾಯಿಗೆ ಬೀಗ ಹಾಕಿ ಬೀಗದಕೈಯನ್ನು ಗುಂಡಿಗೇ ಎಸೆದಂತೆ. ಅಂಗಡಿಗೆ ಹೋದರೆ ಬೆರಳು ತೋರಿಸಿ ಬೆಲ್ಲ ತರುತ್ತಾನೆ. ಎದುರಿಗೆ ನೆಂಟರು ಬಂದರೆ ಕೆಮ್ಮುತ್ತಾನೆ. ಹೆಂಗಸರು ಬಂದರೆ ಅದೂ ಇಲ್ಲ.

ಹೋದ ವರ್ಷ ಯಳಂದೂರಿನಲ್ಲಿ ಒಂದು ಹುಡುಗಿ ಇದ್ದಾಳೆಂದು ಸುದ್ದಿ ಬಂತು. ನಮ್ಮವರೇ, ಅವರ ಮನೆಯಲ್ಲೂ ಮಗ್ಗ. ಸುದ್ದಿ ತಂದವರು ನಮ್ಮ ಬೀದಿಯ ಮೂಲೆಮನೆ ಅತ್ತೆ. ಆಕೆ ಹುಡುಗಿಯ ತಂದೆಗೆ ತಂಗಿಯಾಗಬೇಕು. ಅಮ್ಮ, ಮಾವ, ನಾನು ಮೂವರೂ ಹೊರಟೆವು. ನಾನು ಹೋಗಿದ್ದು ಉಪ್ಪಿಟ್ಟಿಗೆ.

ಹುಡುಗಿಯ ತಂದೆ ದೊಡ್ಡ ಮೀಸೆಯವರು. ಮಾತಾಡುವಾಗ ಮೀಸೆ ಮೊದಲು ಏಳುತ್ತಿತ್ತು, ಮಾತು ಆಮೇಲೆ ಬರುತ್ತಿತ್ತು. ಮಾವನನ್ನು ಕುರ್ಚಿಯ ಮೇಲೆ ಕೂರಿಸಿದರು. ಅವರು ಕೇಳಿದ್ದಕ್ಕೆಲ್ಲ ಅಮ್ಮ ಉತ್ತರ ಕೊಟ್ಟರು. ಹುಡುಗಿ ಬಂದಳು, ಕಾಫಿ ಕೊಟ್ಟಳು, ಹೋಗಿ ಬಾಗಿಲ ಹಿಂದೆ ನಿಂತಳು. ಮಾವ ಗೋಡೆ ನೋಡುತ್ತಿದ್ದ. ಕೊನೆಗೆ ಮೀಸೆ ನೇರವಾಗಿ ಅವನ ಕಡೆಗೇ ಎದ್ದಿತು.

"ನಿಮ್ಮ ಎಸ್ರೇನಪ್ಪ?"

ಮಾವ ಬಾಯಿ ತೆರೆದ. ಗಾಳಿ ಬಂತು. ಮುಚ್ಚಿದ. ಇನ್ನೊಮ್ಮೆ ತೆರೆದ. ಗಾಳಿಯೂ ಬರಲಿಲ್ಲ. ಅಮ್ಮನೇ ಅವನ ಹೆಸರು ಹೇಳಿದರು. ನಾನು ಆ ಗಂಭೀರ ಗಳಿಗೆಯಲ್ಲಿ ಅವನ ಪಾಲಿನ ಉಪ್ಪಿಟ್ಟನ್ನೂ ಮುಗಿಸಿದೆ.

ಎರಡು ದಿನ ಬಿಟ್ಟು ಮೂಲೆಮನೆ ಅತ್ತೆ ಬಂದು ಜಗಲಿಯ ಮೇಲೆ ಕೂತರು.

"ನಮ್ಮಣ್ಣ ಕೇಳ್ತವ್ನೆ ಕಣವ್ವ, ಗಂಡಿಗೆ ಮಾತು ಬತ್ತದಾ ಅಂತ."

"ಬರ್ದೆ ಏನಕ್ಕಾ? ಬೆಳಿಗ್ಗಿಂದ ಸಂಜೆಗಂಟ ವಟವಟ ಅಂತಾನೆ!" ಎಂದರು ಅಮ್ಮ.

"ಎಲ್ಲಿ?"

"ಗುಂಡೀಲಿ."

ಅತ್ತೆ "ಎಣ್ಣು ಕೊಡೋರು ಗುಂಡಿಗಿಳಿದು ಮಾತಾಡ್ಸಕ್ಕಾಯ್ತದ?" ಎಂದು ಎದ್ದು ಹೋದರು. ಸಂಜೆಯ ಹೊತ್ತಿಗೆ ಮಾವ ಮೂಗ ಎಂಬುದು ಯಳಂದೂರಿನಿಂದ ಹನೂರಿನವರೆಗೆ ಗೊತ್ತಾಗಿತ್ತು.

ಹೋದರೆ ಹೋಯಿತು, ಇನ್ನೊಂದು ಹೆಣ್ಣು ನೋಡಿದರಾಯಿತು ಎಂದುಕೊಂಡೆ ನಾನು. ಆದರೆ ಮರುದಿನ ಮಗ್ಗದ ಹತ್ತಿರ ನಾನು ಲಾಳಿಯೊಳಗೆ ಹಾಕುವ ಕಂಡಿಕೆಗೆ ರೇಷ್ಮೆ ಸುತ್ತುತ್ತಾ ಕೂತಿದ್ದಾಗ ಮಾವ ತುಳಿಯುವುದನ್ನು ಸ್ವಲ್ಪ ನಿಧಾನ ಮಾಡಿದ.

"ಲೋ ಅಳಿಯಾ. ಆ ಉಡ್ಗಿ ಕಾಫಿ ಕೊಡುವಾಗ ನಗ್ತಿದ್ಲೇನ್ಲಾ?"

"ನೀನು ನೋಡ್ನಿಲ್ವಾ?"

"ನಾನು ಕ್ಯಾಲೆಂಡ್ರು ನೋಡ್ತಿದ್ದೆ."

"ಯಾವ ತಿಂಗ್ಳು ಇತ್ತು?"

"ಅದ್ನೂ ನೋಡ್ನಿಲ್ಲ ಕಣ್ಲಾ."

ಅಷ್ಟು ಹೇಳಿ, ಗುಂಡಿಯಲ್ಲಿ ಕೂತಿದ್ದೂ, ಸುಮ್ಮನಾದ. ಗುಂಡಿಯಲ್ಲಿ ಮಾವ ಸುಮ್ಮನಾಗಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಅಪ್ಪ ಕೂಡ ತಮ್ಮ ಮಗ್ಗ ನಿಲ್ಲಿಸಿ ತಿರುಗಿ ನೋಡಿದರು. ಇವನಿಗೆ ಆ ಹುಡುಗಿಯೇ ಬೇಕು ಎಂದು ಅಪ್ಪನಿಗೂ ನನಗೂ ಗೊತ್ತಾಯಿತು.

ಅದೇ ದಿನಗಳಲ್ಲಿ ನಮ್ಮ ಸೈನ್ಸ್ ಮೇಷ್ಟ್ರು ದಿಲ್ಲಿಗೆ ಹೋಗಿ ಬಂದರು. ಹೋಗಿದ್ದು ಭಾವಮೈದನ ಮನೆಗೆ. ಬಂದ ಮೇಲೆ ಒಂದು ವಾರ ಸೈನ್ಸ್ ಪಾಠ ಇರಲಿಲ್ಲ, ಟೆಲಿವಿಷನ್ ಪಾಠವೇ. ಒಂದು ಪೆಟ್ಟಿಗೆ, ಅದಕ್ಕೊಂದು ಗಾಜು, ಒಳಗೆ ಕುತ್ತಿಗೆಯವರೆಗೆ ಒಬ್ಬ ಮನುಷ್ಯ, ಅವನು ಮಾತಾಡುತ್ತಾನೆ, ಮನೆಯವರೆಲ್ಲ ನಗುತ್ತಾರೆ.

"ಸಾ, ಆ ಮನ್ಷನ್ಗೆ ಮಾತು ಯಾರು ಏಳ್ಕೊಡೋರು?" ಎಂದೆ.

"ಬರ್ದುಕೊಡೋಕೆ ಬೇರೆ ಜನ ಇರ್ತಾರೆ ಕಣೋ. ಅವ್ರಿಗೆ ಅದೇ ಉದ್ಯೋಗ."

"ಬರ್ದೋನು ಪೆಟ್ಟಿಗೇಲಿ ಕಾಣಾಕಿಲ್ವಾ ಸಾ?"

"ಇಲ್ಲ."

"ಮಾತು ಚೆನ್ನಾಗಿಲ್ಲ ಅಂತ ಜನ ಒಡ್ಯಕ್ಕೆ ಬಂದ್ರೆ?"

"ಕಾಣಿಸ್ಕೊಂಡೋನಿಗೆ ತಾನೇ ಹೊಡೀತಾರೆ?"

ಆ ಕ್ಷಣವೇ ನನ್ನ ಜೀವನದ ದಾರಿ ನಿಶ್ಚಯವಾಯಿತು. ಕೀಟಲೆ ನನ್ನದು, ಏಟು ಇನ್ನೊಬ್ಬನಿಗೆ. ಇಂಥ ಉದ್ಯೋಗವನ್ನೇ ನಾನು ಹುಟ್ಟಿದಾಗಿನಿಂದ ಹುಡುಕುತ್ತಿದ್ದೆ. ಅಭ್ಯಾಸಕ್ಕೆ ಮಾವ ಮನೆಯಲ್ಲೇ ಇದ್ದ.

ಹನೂರಿನಲ್ಲಿ ಒಂದು ಮದುವೆಯಿತ್ತು. ಯಳಂದೂರಿನವರೂ ಬರುತ್ತಾರೆ, ಮೀಸೆಯವರ ಪಕ್ಕದಲ್ಲೇ ಮಾವನನ್ನು ಊಟಕ್ಕೆ ಕೂರಿಸುವ ಜವಾಬ್ದಾರಿ ನನ್ನದು ಎಂದು ಅಮ್ಮನಿಗೆ ಮಾತು ಕೊಟ್ಟೆ. ಗಂಡನ್ನು ಯಾರು ಏನೇನು ಕೇಳುತ್ತಾರೆ ಎಂಬುದು ಯಾರಿಗೆ ಗೊತ್ತಿಲ್ಲ? ಪ್ರಯಾಣ ಹೇಗಿತ್ತು, ಕೆಲಸ ಹೇಗೆ, ಮನೆಯಲ್ಲಿ ಮಗ್ಗ ಎಷ್ಟು, ಅಕ್ಕ ಹೇಗೆ ನೋಡಿಕೊಳ್ಳುತ್ತಾರೆ. ಒಂದೊಂದಕ್ಕೂ ಒಂದೊಂದು ಉತ್ತರ ಬರೆದೆ, ಒಂದೊಂದರಲ್ಲೂ ನಗು ಇಟ್ಟೆ. ಮಾವ ಅವನ್ನು ಮಗ್ಗದಲ್ಲಿ ಕೂತೇ ಬಾಯಿಪಾಠ ಮಾಡಿದ. ಲಾಳಿ ಆಚೆ ಹೋಗುವಾಗ ಒಂದು ಮಾತು, ಈಚೆ ಬರುವಾಗ ಒಂದು. ಕೇಳಲು ಎಷ್ಟು ಸೊಗಸಾಗಿತ್ತೆಂದರೆ ಅಪ್ಪ ಮತ್ತೊಮ್ಮೆ ಎಳೆ ಕಡಿದುಕೊಂಡರು.

ಹನೂರಿನ ಚಪ್ಪರದಲ್ಲಿ ಎಲ್ಲ ಅಂದುಕೊಂಡಂತೆಯೇ ಆಯಿತು. ನೆಲದ ಮೇಲೆ ಪಂಕ್ತಿ, ಮೀಸೆಯವರು, ಅವರ ಎಡಕ್ಕೆ ಮಾವ, ಆಮೇಲೆ ನಾನು. ಹುಡುಗಿ ಹೆಂಗಸರ ಜೊತೆ ಪಲ್ಯ ಬಡಿಸುತ್ತಿದ್ದಳು. ಮಾವ ಕಲ್ಲಿನಂತೆ ಕೂತಿದ್ದ. ನಾನು ಪಕ್ಕೆಗೆ ತಿವಿದೆ. ಅವನ ಮೊಣಕಾಲು ಸ್ವಲ್ಪ ಅಲುಗಿತು. ಬಲದ ಮೊಣಕಾಲು ಎದ್ದಿತು, ಇಳಿಯಿತು. ಎಡದ್ದು ಎದ್ದಿತು, ಇಳಿಯಿತು. ಚಕ್ಕಂಬಕ್ಕಳ ಹಾಕಿ ಕೂತವನು ಹಾರಲು ಹವಣಿಸುವ ಕೊಕ್ಕರೆಯ ಹಾಗೆ ಎರಡೂ ಮಂಡಿ ಬಡಿಯತೊಡಗಿದ. ಮಂಡಿ ಬಡಿದಂತೆ ಬಾಯಿ ಬಿಚ್ಚಿತು. ಆಗ ನನಗೆ ಹೊಳೆಯಿತು. ಇವನು ಮಾತನ್ನು ಬಾಯಿಗೆ ಕಲಿಸಿರಲಿಲ್ಲ, ಕಾಲಿಗೆ ಕಲಿಸಿದ್ದ.

ಅಷ್ಟಾದರೂ ಪರವಾಗಿರಲಿಲ್ಲ. ಆದರೆ ಮೀಸೆಯವರು ನಾನು ಬರೆದ ಕ್ರಮದಲ್ಲಿ ಕೇಳಲಿಲ್ಲ.

"ನಿಮ್ಮ ತಾಯಿ ತೀರ್ಕಂಡ್ರು ಅಂದ್ರು. ಪಾಪ, ಏನಾಗಿತ್ತು?"

"ಬಸ್ಸಲ್ಲಿ ಸೀಟು ಸಿಗ್ನಿಲ್ಲ. ಒಂದು ಅಲಸಿನಣ್ಣಿನ ಮ್ಯಾಲೆ ಕುಂತ್ಕಂಡ್ರು ನೋಡಿ, ಅನೂರು ಬರಗಂಟ ಮುಳ್ಳೇ ಮುಳ್ಳು" ಎಂದ ಮಾವ.

ಅದು ಪ್ರಯಾಣದ ಪ್ರಶ್ನೆಗೆ ಬರೆದ ಉತ್ತರ, ಹಲಸಿನ ಮೇಲೆ ನಾನು ಕೂರಿಸಿದ್ದು ಅಮ್ಮನನ್ನು. ಮೀಸೆಯವರ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು. ಮಾತು ಬದಲಿಸುವುದು ಒಳ್ಳೆಯದು ಎನಿಸಿತೇನೋ.

"ಅದಿರ್ಲಿ ಬುಡಿ. ಕುಡಿತ ಗಿಡಿತ ಏನಾರ ಉಂಟಾ?"

"ಬೆಳಿಗ್ಗೆ ಕುಂತ್ರೆ ಸಂಜೆಗಂಟ ಎದ್ದೇಳಾಕಿಲ್ಲ. ಅಕ್ಕ ಬೈದ್ರೂ ಬುಡಾಕಿಲ್ಲ. ನಮ್ಮ ತಾತನ ಕಾಲದಿಂದ್ಲೂ ಬಂದಿರೋದು."

ಅದು ನೇಯ್ಗೆ ಕೆಲಸದ ಬಗ್ಗೆ ನಾನು ಬರೆದ ಉತ್ತರ. ಓದಿದಾಗ ಎಷ್ಟು ಚೆನ್ನಾಗಿತ್ತು! ನಾನು ಅವನ ಪಂಚೆ ಎಳೆದೆ. ನಿಲ್ಲಿಸಲು ಎಳೆದಿದ್ದು, ಅವನು ಹುರಿದುಂಬಿಸಿದೆ ಎಂದುಕೊಂಡ. ಮಂಡಿ ಇನ್ನೂ ಜೋರಾಗಿ ಬಡಿಯಿತು, ಮೀಸೆಯವರ ಎಲೆಗೆ ತಾಗಿತು, ಪಾಯಸ ಹೊರಟು ಸಾರಿಗೆ ಸೇರಿತು, ಸಾರು ಹೊರಟು ಮೀಸೆಯವರ ಹೊಸ ಪಂಚೆ ಸೇರಿತು. ದೂರದಲ್ಲಿ ಪಲ್ಯದ ಬಕೆಟ್ ಹಿಡಿದು ನಿಂತಿದ್ದ ಹುಡುಗಿ ಸೆರಗು ಬಾಯಿಗೆ ತುರುಕಿಕೊಂಡಳು.

ಮೂಲೆಮನೆ ಅತ್ತೆ ಮರುದಿನವೇ ಹಾಜರು.

"ಮೂಗ ಅಲ್ವಂತೆ ಬುಡವ್ವ."

ಅಮ್ಮನ ಮುಖ ಅರಳಿತು.

"ಕಿವುಡನಂತೆ. ಕುಡುಕ ಬ್ಯಾರೆ."

ಅಮ್ಮ ಹಣೆ ಚಚ್ಚಿಕೊಂಡರು. ಅತ್ತೆ ಅಲ್ಲಿಗೇ ಬಿಡಲಿಲ್ಲ. ಧನಗೆರೆಯಿಂದ ಇನ್ನೊಂದು ಗಂಡು ಬಂದು ನೋಡಿಕೊಂಡು ಹೋಗಿದೆ, ಚೆನ್ನಾಗಿ ಮಾತಾಡುತ್ತಾನಂತೆ. ಅಣ್ಣ ಗೌರಿ ಹಬ್ಬಕ್ಕೆ ಮಗಳನ್ನು ಕರೆದುಕೊಂಡು ತಂಗಿಯ ಮನೆಗೆ ಬರುತ್ತಾನೆ, ಗಣಪತಿ ಬಿಟ್ಟ ಮೇಲೆ ಧನಗೆರೆಗೆ ಮಾತು ಕೊಡುತ್ತಾನೆ.

ನಾನು ಮಾವನ ಮಗ್ಗದ ಹತ್ತಿರ ಹೋಗಿ ಬೈದೆ. "ಅವ್ರು ಕೇಳಿದ್ದೊಂದು, ನೀನು ಏಳಿದ್ದೊಂದು. ಒಸಿ ಇಂದೆ ಮುಂದೆ ಮಾಡಿ ಏಳಕ್ಕಾಯ್ತಿರ್ನಿಲ್ವಾ?"

"ಎಂಗ್ಲಾ ಆಯ್ತದೆ? ಸೀರೆ ಒಡಲಿಗಿಂತ ಮುಂಚೆ ಸೆರಗು ನೇಯ್ತಾರೇನ್ಲಾ?" ಎಂದ. ಆಮೇಲೆ ತಲೆ ತಗ್ಗಿಸಿ ಲಾಳಿ ನೋಡುತ್ತಾ ಕೇಳಿದ, "ಧನಗೆರೆಯೋನು ಅಷ್ಟು ಚೆನ್ನಾಗಿ ಮಾತಾಡ್ತಾನಂತಾ?"

ಆ ದನಿ ಕೇಳಿ ನನಗೆ ನನ್ನ ಉದ್ಯೋಗದ ಮೇಲೆ ಸಿಟ್ಟು ಬಂತು. ರಾತ್ರಿಯೆಲ್ಲ ಯೋಚಿಸಿದೆ ಎಂದು ಬರೆಯಬಹುದು, ಆದರೆ ಊಟ ಮಾಡುತ್ತಲೇ ಹೊಳೆಯಿತು. ಟೆಲಿವಿಷನ್ನಿನ ಒಳಗಿರುವ ಮನುಷ್ಯನನ್ನು ಯಾರೂ ಏನೂ ಕೇಳುವಂತಿಲ್ಲ! ಅವನು ಹೇಳುತ್ತಾನೆ, ಜನ ಬಾಯಿ ಮುಚ್ಚಿಕೊಂಡು ಕೇಳುತ್ತಾರೆ. ಅಲ್ಲದೆ ಅವನು ಕಾಣುವುದು ಕುತ್ತಿಗೆಯವರೆಗೆ. ಕೆಳಗೆ ಕಾಲು ಏನು ಮಾಡಿದರೆ ಯಾರಿಗೇನು? ದೇವರು ಟೆಲಿವಿಷನ್ನನ್ನು ಸೃಷ್ಟಿಸಿದ್ದೇ ನನ್ನ ಮಾವನಿಗಾಗಿ, ತಪ್ಪಿ ದಿಲ್ಲಿಗೆ ಕಳಿಸಿದ್ದ.

ನಮ್ಮ ಬೀದಿಯಲ್ಲಿ ಗಣಪತಿ ಕೂರಿಸುವ ಯಜಮಾನರ ಹತ್ತಿರ ಹೋದೆ. ಈ ಸಲ ಚಪ್ಪರದ ಪಕ್ಕ ಟೆಲಿವಿಷನ್ ಇಡೋಣ ಎಂದೆ. ಅವರು ಸಂತೋಷಪಟ್ಟರು.

"ಅದಕ್ಕೆ ಒಂದು ಗುಂಡಿ ತೋಡ್ಬೇಕು, ಬೀದೀಲಿ."

"ಗುಂಡಿ ಯಾಕ್ಲಾ?"

"ನಿಮ್ಮ ಮನೆ ರೇಡಿಯೋಗೆ ನೆಲದೊಳಕ್ಕೆ ಒಂದು ಅರ್ಥ್ ವೈರು ಬುಟ್ಟಿಲ್ವಾ? ಅದು ಬರೀ ಮಾತಾಡೋ ಪೆಟ್ಟಿಗೆ. ಇದ್ರಲ್ಲಿ ಮನ್ಷನೇ ಬರ್ಬೇಕು. ವೈರು ಸಾಲಾಕಿಲ್ಲ, ಗುಂಡಿನೇ ಬೇಕು."

ಯಜಮಾನರು ಗಡ್ಡ ಕೆರೆದುಕೊಂಡರು. ಅವರ ಮನೆಯಲ್ಲಿ ನಿಜಕ್ಕೂ ರೇಡಿಯೋ ಇತ್ತು, ಅರ್ಥ್ ವೈರೂ ಇತ್ತು, ಅದು ಯಾಕೆಂದು ಅವರಿಗೆ ಗೊತ್ತಿರಲಿಲ್ಲ. "ಸರಿ ಅನ್ನು. ದೊಡ್ಡದಾಗೇ ತೋಡ್ಲಾ, ಚೆನ್ನಾಗಿ ಕಾಣ್ಲಿ" ಎಂದರು. ಗುಂಡಿಯನ್ನು ನಾನು ತೋಡಲಿಲ್ಲ. ಅಷ್ಟು ದೊಡ್ಡ ತಾಂತ್ರಿಕ ಕೆಲಸಕ್ಕೆ ಬೀದಿಯ ಹುಡುಗರು ತಾವಾಗಿಯೇ ಮೇಲೆ ಬಿದ್ದು ಬಂದರು.

ಗುಂಡಿಯಲ್ಲಿ ಮಗ್ಗದ ಎರಡು ಹಳೆಯ ಹಲಗೆಗಳನ್ನು ಅಮ್ಮನ ಬಟ್ಟೆ ಒಣಹಾಕುವ ಹಗ್ಗದಿಂದ ತೂಗುಬಿಟ್ಟೆ. ಮೇಲೆ, ಸೇಬು ತುಂಬಿ ಬಂದಿದ್ದ ಒಂದು ಮರದ ಪೆಟ್ಟಿಗೆಯ ಎದುರು ಹಲಗೆ ಕಿತ್ತು, ತಳ ತೆಗೆದು, ಎರಡು ಬೆಂಚುಗಳ ನಡುವಿನ ಸಂದಿಯ ಮೇಲೆ ನಿಲ್ಲಿಸಿದೆ. ಸುತ್ತ ಕರಿ ಕಂಬಳಿ, ಎದುರಿಗೊಂದು ಪರದೆ. ಒಳಗೊಂದು ಬಲ್ಬು. ಮಾವ ಗುಂಡಿಗೆ ಕಾಲು ಇಳಿಬಿಟ್ಟು ಕೂತರೆ ತಲೆ ಸರಿಯಾಗಿ ಪೆಟ್ಟಿಗೆಯೊಳಗೆ. ಅಪ್ಪ ಬಂದು ಸುತ್ತಲೂ ನೋಡಿ, "ಸೇಬೇ ವಾಸಿ ಇತ್ತು" ಎಂದು ಹೋದರು.

ಹಬ್ಬದ ಸಂಜೆ ಬೀದಿ ತುಂಬಿತ್ತು. ಗಣಪತಿಯ ಕಡೆ ಯಾರೂ ತಿರುಗಿಯೂ ನೋಡಲಿಲ್ಲ, ಪಾಪ, ಅವನೂ ಕತ್ತು ಓರೆ ಮಾಡಿ ನಮ್ಮ ಕಡೆಯೇ ನೋಡುತ್ತಿದ್ದ ಹಾಗಿತ್ತು. ಮುಂದಿನ ಸಾಲಿನ ಚಾಪೆಯ ಮೇಲೆ ಮೀಸೆಯವರು. ಹೆಂಗಸರ ಕಡೆ ಮೂಲೆಮನೆ ಅತ್ತೆ, ಪಕ್ಕದಲ್ಲಿ ಹುಡುಗಿ. ನಾನು ಬಲ್ಬು ಹೊತ್ತಿಸಿ ಪರದೆ ಎಳೆದೆ. ಪೆಟ್ಟಿಗೆಯಲ್ಲಿ ಮಾವನ ತಲೆ, ಪೌಡರ್ ಹಚ್ಚಿಕೊಂಡು. ಚಿಕ್ಕ ಮಕ್ಕಳು ಎರಡು ಅತ್ತವು.

ಕೆಳಗೆ ಟಕ್ ಟಕ್ ಶುರುವಾಯಿತು.

"ಇದು ಕೊಳ್ಳೇಗಾಲ ಟೆಲಿವಿಷನ್. ವಾರ್ತೆಗಳು. ಓದ್ತಾ ಇರೋನು ಒಬ್ಬ ಮನ್ಷ."

ಹೆಸರಿನ ಅಪಾಯ ಬೇಡವೆಂದು ನಾನೇ ಹಾಗೆ ಬರೆದಿದ್ದೆ.

"ಗಣಪತಿಗೆ ಇಟ್ಟಿದ್ದ ಕಡುಬು ಕಡಿಮೆ ಆಗಿದೆ. ಪೂಜೆ ಮಾಡೋರ ಒಟ್ಟೆ ಜಾಸ್ತಿ ಆಗಿದೆ. ಎರಡಕ್ಕೂ ಸಂಬಂಧ ಇಲ್ಲ ಅಂತ ಪೂಜೆ ಮಾಡೋರು ಬಾಯಿ ಒರೆಸ್ಕಂಡು ತಿಳಿಸಿದ್ದಾರೆ. ಗೋಪಿನಾಥಂ ಬಸ್ಸು ಕೆಟ್ಟು ನಿಂತಿದೆ. ಒಳಗಿರೋರು ಇಳಿದು ತಳ್ತಾ ಇದ್ದಾರೆ. ಮುಂದಿನ ಸ್ಟಾಪಲ್ಲಿ ತಳ್ಳಕ್ಕೆ ಇನ್ನೊಂದಷ್ಟು ಜನ ಕಾದು ನಿಂತವ್ರೆ."

ಬೀದಿ ಬಿದ್ದು ಬಿದ್ದು ನಕ್ಕಿತು. ಪೂಜೆಯವರು ಮಾತ್ರ ಚಪ್ಪರದಲ್ಲಿ ಗಂಟೆ ಜೋರಾಗಿ ಬಾರಿಸಿದರು. ಮೀಸೆಯವರ ಮೀಸೆ ಏಳುವುದನ್ನೂ ಇಳಿಯುವುದನ್ನೂ ನಾನು ಕಂಬಳಿಯ ಸಂದಿಯಿಂದ ನೋಡುತ್ತಿದ್ದೆ. ಹುಡುಗಿ ಮಾತ್ರ ನಗಬೇಕಾದ ಕಡೆ ನಗುತ್ತಿರಲಿಲ್ಲ. ಅವಳ ಕಣ್ಣು ಮಾವನ ಮುಖದ ಮೇಲೂ ಇರಲಿಲ್ಲ, ಕೆಳಗೆ ಅಲುಗುತ್ತಿದ್ದ ಕಂಬಳಿಯ ಮೇಲಿತ್ತು. ಬರಹಗಾರನಿಗೆ ಇದಕ್ಕಿಂತ ಅವಮಾನ ಬೇಕೇ?

"ಧನಗೆರೆಯಿಂದ ಬಂದ ವರದಿ," ಎಂದು ಮಾವ ಮುಂದುವರಿಸಿದ. ಇದು ನನ್ನ ಬ್ರಹ್ಮಾಸ್ತ್ರ. "ಅಲ್ಲಿನ ಗಂಡುಗಳ ಗೊರಕೆ ತಡೀನಾರ್ದೆ ಊರಿನ ನಾಯಿಗಳೆಲ್ಲ ಊಗ್ಯಂ ಕಾಡಿಗೆ ಗುಳೆ ಓಗಿವೆ. ಅಲ್ಲಿನ ಉಲಿಗಳು ನಮ್ಗೆ ಕಾಟ ಅಂತ ದೂರು ಕೊಟ್ಟವೆ."

ಮೂಲೆಮನೆ ಅತ್ತೆಯೇ ನಕ್ಕುಬಿಟ್ಟರು. ಇನ್ನು ಒಂದೇ ಒಂದು ಸುದ್ದಿ ಬಾಕಿ. ಮಾವನ ಗುಣಗಾನವನ್ನೆಲ್ಲ ಅದರಲ್ಲಿ ತುಂಬಿಟ್ಟಿದ್ದೆ.

"ಕೊನೇ ಸುದ್ದಿ. ನಮ್ಮ ಬೀದೀಲಿ ಒಬ್ಬ..."

ಪಟ್!

ಅಮ್ಮನ ಹಗ್ಗ ಕಿತ್ತುಹೋಯಿತು. ಟಕ್ ಟಕ್ ನಿಂತಿತು. ಮಾವನ ಬಾಯಿ ತೆರೆದದ್ದು ತೆರೆದೇ ಇತ್ತು. ನಾನು ಹಿಂದಿನಿಂದ "ಗಂಡವ್ನೆ, ಗಂಡವ್ನೆ ಅನ್ನು" ಎಂದು ಪಿಸುಗುಟ್ಟಿದೆ. ಕೇಳಿಸಿದ್ದು ಬೀದಿಗೆಲ್ಲ, ಅವನೊಬ್ಬನಿಗೆ ಬಿಟ್ಟು. ನೇಯುವವನಿಗೆ ಏನಾದರೂ ಕಿತ್ತುಹೋದರೆ ಗೊತ್ತಿರುವುದು ಒಂದೇ, ಬಗ್ಗಿ ಗಂಟು ಹಾಕುವುದು. ಮಾವನ ತಲೆ ಪೆಟ್ಟಿಗೆಯಿಂದ ಮಾಯವಾಯಿತು. ಬಲ್ಬು ಮಾತ್ರ ಉರಿಯುತ್ತಿತ್ತು.

"ಕೆಟ್ಟೋಯ್ತು ಕಣ್ರಿ ಟೆಲಿವಿಷನ್ನು" ಎಂದಿತು ಒಂದು ದನಿ.

"ಒಡೀಲಾ ಮ್ಯಾಲೆ, ನಮ್ಮನೆ ರೇಡಿಯೋ ಅಂಗೇ ಸರಿಯಾಗೋದು" ಎಂದರು ಯಜಮಾನರು. ನಾನು ಪೆಟ್ಟಿಗೆಗೆ ಎರಡು ಕೊಟ್ಟೆ. ಏನೂ ಬರಲಿಲ್ಲ. ಮೀಸೆಯವರು ಟವೆಲ್ ಹೆಗಲಿಗೆ ಹಾಕಿಕೊಂಡು ಏಳಲು ನೆಲಕ್ಕೆ ಕೈಯೂರಿದರು.

ಆಗ ಹುಡುಗಿ ಎದ್ದು ಬಂದಳು. ಯಾರನ್ನೂ ಕೇಳಲಿಲ್ಲ. ಅತ್ತೆ ಸೆರಗು ಹಿಡಿದೆಳೆದರೂ ನಿಲ್ಲಲಿಲ್ಲ. ಪೆಟ್ಟಿಗೆಯ ಪಕ್ಕ ನಿಂತು ನನಗೆ "ಅಂಗೆ ಗುದ್ದಿದ್ರೆ ಏನ್ಲಾ ಬತ್ತದೆ? ಕಾಲು ನಿಂತೋಗಿರೋದು" ಎಂದಳು. ಆಮೇಲೆ ಬೆರಳಿನ ಗೆಣ್ಣಿನಿಂದ ಮರದ ಮೇಲೆ ಬಡಿಯತೊಡಗಿದಳು. ಟಕ್ ಟಕ್. ಟಕ್ ಟಕ್. ಅವಳ ಮನೆಯಲ್ಲೂ ಮಗ್ಗವಿದೆ ಎಂದು ಆಗಲೇ ಹೇಳಿದ್ದೇನೆ.

ಗುಂಡಿಯೊಳಗಿನಿಂದ ದನಿ ಬಂತು.

"ಯಾರದು, ತುಳೀತಿರೋರು?"

"ನಾನು."

"ನೀವಾ?" ಟಕ್ ಟಕ್ ನಡೆದೇ ಇತ್ತು. "ನಿಲ್ಲಿಸ್ಬುಡಬ್ಯಾಡಿ. ನೀವು ನಿಲ್ಲಿಸಿದ್ರೆ ನಾನು ಮೂಗ."

ನನ್ನ ಬರವಣಿಗೆಯಲ್ಲಿ ಇಂಥದ್ದೊಂದು ಮಾತೇ ಇರಲಿಲ್ಲ. ಬೀದಿ ನಗುವಿನಿಂದ ಸಿಡಿಯಿತು. ಚಪ್ಪರದ ಗಂಟೆ ಕೂಡ ನಿಂತಿತು, ಪೂಜೆಯವರು ಹೊಟ್ಟೆ ಹಿಡಿದುಕೊಂಡಿದ್ದರು.

"ಕೈ ನೋಯ್ತದೆ. ಬ್ಯಾಗ ಏಳಿ" ಎಂದಳು ಹುಡುಗಿ.

"ಏನ್ ಏಳ್ಲಿ?"

"ನಂಗೇನ್ ಗೊತ್ತು? ವಾರ್ತೆ ನಿಮ್ದು."

ಮಾವನ ತಲೆ ನಿಧಾನವಾಗಿ ಪೆ‌ಟ್ಟಿಗೆಗೆ ಮರಳಿತು. ಪೌಡರಿನ ಮೇಲೆ ಮಣ್ಣು. ಕೈಯಲ್ಲಿ ಕಿತ್ತ ಹಗ್ಗ. ಮೊದಲ ಬಾರಿಗೆ ಅವನು ಕ್ಯಾಲೆಂಡರ್ ಬಿಟ್ಟು ಹುಡುಗಿಯ ಕಡೆ ನೋಡುತ್ತಿದ್ದ.

"ಕೊನೇ ಸುದ್ದಿ. ನಮ್ಮ ಬೀದೀಲಿ ಒಬ್ಬ ಗಂಡವ್ನೆ. ಮೂಗ ಅಲ್ಲ, ಕಿವುಡ ಅಲ್ಲ. ಕೆಲ್ಸ ಬಿಟ್ರೆ ಬ್ಯಾರೆ ಚಟ ಇಲ್ಲ. ಯಳಂದೂರಲ್ಲಿ ಕಾಫಿ ಕುಡ್ದ ದಿನದಿಂದ ಸರ್ಯಾಗಿ ನಿದ್ದೆ ಮಾಡಿಲ್ಲ. ಯಾರಾದ್ರೂ ಪಕ್ಕದಲ್ಲಿ ಇಂಗೇ ತಟ್ತಾ ಇದ್ರೆ ಸಾಯಗಂಟ ಮಾತಾಡ್ತಾನೆ. ವಾರ್ತೆ ಮುಗೀತು."

ಈ ಸಲ ಯಾರೂ ನಗಲಿಲ್ಲ. ಎಲ್ಲರೂ ಮೀಸೆಯ ಕಡೆ ತಿರುಗಿದರು. ಅದು ನಿಧಾನವಾಗಿ ಎದ್ದಿತು.

"ಮತ್ತೆ ಅನೂರಲ್ಲಿ ಬೆಳಿಗ್ಗಿಂದ ಕುಡೀತೀನಿ ಅಂದ್ರಿ?"

ಹುಡುಗಿ ತಟ್ಟುತ್ತಲೇ ಇದ್ದಳು. "ಅದು ಕುಡಿತ ಅಲ್ಲ, ಮಗ್ಗದ ಮಾತು" ಎಂದ ಮಾವ.

"ಆ ಅಲಸಿನಣ್ಣು?"

"ಅದು ಸುಳ್ಳು. ನಮ್ಮ ಅಳಿಯ ಬರ್ದುಕೊಟ್ಟಿದ್ದು."

ಬೀದಿಗೆ ಬೀದಿಯೇ ನನ್ನ ಕಡೆ ನೋಡಿತು. ಮೀಸೆಯವರು ತಮ್ಮ ಪಂಚೆಯನ್ನೊಮ್ಮೆ ನೋಡಿಕೊಂಡು, ಎರಡು ಹೆಜ್ಜೆ ಬಂದು ನನ್ನ ಕಿವಿ ಹಿಡಿದರು. ಅವರು ಬಿಟ್ಟ ಮೇಲೆ ಅಪ್ಪ ಇನ್ನೊಂದು ಕಿವಿ ಹಿಡಿದರು. ಅಪ್ಪ ಬಿಟ್ಟ ಮೇಲೆ ಪೂಜೆಯವರು ಕಡುಬಿನ ಲೆಕ್ಕಕ್ಕೆ ತಲೆಯ ಮೇಲೊಂದು ಮೊಟಕಿದರು. ಕಾಣಿಸಿಕೊಂಡವನಿಗೆ ಏಟು, ಬರೆದವನಿಗೆ ಇಲ್ಲ ಎಂದಿದ್ದ ಮೇಷ್ಟ್ರು ಅಲ್ಲೇ ಹಿಂದಿನ ಸಾಲಿನಲ್ಲಿ ಕೂತು ನಗುತ್ತಿದ್ದರು. ದಿಲ್ಲಿಯ ಟೆಲಿವಿಷನ್ನನ್ನು ಅವರು ಸರಿಯಾಗಿ ನೋಡಿ ಬಂದಿರಲಿಲ್ಲ.

ಧನಗೆರೆಗೆ ಮಾತು ಹೋಗಲಿಲ್ಲ. ದೀಪಾವಳಿ ಕಳೆದು ಮದುವೆಯಾಯಿತು. ಬೀದಿಯ ಗುಂಡಿ ಇನ್ನೂ ಹಾಗೇ ಇದೆ. ಮುಚ್ಚೋಣವೆಂದರೆ ಯಜಮಾನರು ಒಪ್ಪುತ್ತಿಲ್ಲ, ನಾಳೆ ನಿಜವಾದ ಟೆಲಿವಿಷನ್ ಬಂದರೆ ಮತ್ತೆ ತೋಡುವವರು ಯಾರು ಎನ್ನುತ್ತಾರೆ. ಮಳೆಗಾಲದಲ್ಲಿ ಅದರೊಳಗೆ ಕಪ್ಪೆಗಳು ವಾರ್ತೆ ಓದುತ್ತವೆ. ಅಪ್ಪ ಒಂದು ಸಲ ಬಿದ್ದರು. ಆ ವಿಷಯದಲ್ಲಿ ನಾನೇನೂ ಎಳೆದು ಹೇಳುವುದಿಲ್ಲ, ಅಪ್ಪ ಇದನ್ನು ಓದಬಹುದು.

ಮದುವೆ ಮುಗಿಸಿ ಹೊಸ ಜೋಡಿ ನಮ್ಮ ಮನೆಗೆ ಬಂದಾಗ ಅಮ್ಮ ಹೊಸ್ತಿಲಿಗೆ ಅಡ್ಡ ನಿಂತರು. ಒಬ್ಬರ ಹೆಸರು ಒಬ್ಬರು ಹೇಳದೆ ಒಳಗೆ ಬಿಡುವುದಿಲ್ಲ, ಅದು ಶಾಸ್ತ್ರ. ಹುಡುಗಿ, ಅಂದರೆ ಈಗ ನಮ್ಮತ್ತೆ, ಥಟ್ಟನೆ ಹೇಳಿ ಮುಗಿಸಿದಳು. ಎಲ್ಲರೂ ಮಾವನ ಕಡೆ ನೋಡಿದರು. ಬೀದಿಯ ಹೆಂಗಸರೆಲ್ಲ ಸೇರಿದ್ದರು. ಮಾವ ಬಾಯಿ ತೆರೆದ. ಯಳಂದೂರಿನ ಅದೇ ಗಾಳಿ ಬಂತು.

"ಏಳ್ಲಾ, ಕಾಲು ನೋಯ್ತದೆ ನಂಗೆ" ಎಂದರು ಅಮ್ಮ.

ನಾನು ಹಿಂದಿನಿಂದ ಹೇಳಿಕೊಡಲು ಬಗ್ಗಿದೆ. ಆಗ ಕಂಡಿತು. ಸೀರೆಯ ನೆರಿಗೆಯ ಕೆಳಗೆ, ಹೊಸ ಕಾಲುಂಗುರದ ಬೆರಳು ಹೊಸ್ತಿಲ ಕಲ್ಲಿನ ಮೇಲೆ ಬೇರೆ ಯಾರಿಗೂ ಕೇಳಿಸದಷ್ಟು ಮೆಲ್ಲಗೆ ಬಡಿಯುತ್ತಿತ್ತು. ಟಕ್ ಟಕ್. ಟಕ್ ಟಕ್.

ಮಾವ ಹೆಸರು ಹೇಳಿದ. ಬೀದಿಯ ಕೊನೆಗೂ ಕೇಳುವಷ್ಟು ಜೋರಾಗಿ. ಹೆಂಗಸರು ಕೇಳಿಸಲಿಲ್ಲ ಎಂದು ತಮಾಷೆ ಮಾಡಿದರು, ಇನ್ನೊಂದು ಸಲ ಹೇಳಿದ. ಮತ್ತೊಂದು ಸಲ ಹೇಳಿದ. ಕೊನೆಗೆ ಅಮ್ಮನೇ "ಸಾಕು ಬಾರ್ಲಾ ಒಳಕ್ಕೆ, ಅನ್ನ ಆರೋಯ್ತದೆ" ಎಂದು ಕೈ ಹಿಡಿದು ಎಳೆದುಕೊಂಡರು.